ಊರಿನ ದಫ್ತರ

2020ನೆಯ ಇಸವಿಯ ಅಕ್ಟೋಬರ್ ತಿಂಗಳ ನಡುವಿನಲ್ಲಿ ಭೀಮಾನದಿಗೆ ಮಹಾಪೂರ ಬಂದಿತು. ಮೇಲೆ ಉಜನಿಯ ಜಲಾಶಯದಿಂದ ಬಿಟ್ಟ ನೀರು ಸೊನ್ನದ ಬ್ಯಾರೇಜನ್ನು ದಾಟಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳನ್ನು ಸುತ್ತುವರಿಯಿತು. ನಮ್ಮ ಊರಿನ ಹಳೆಯ ಮನೆಯ ಪಡಸಾಲೆಯಲ್ಲಿಯೂ ಮೊಳಕಾಲುದ್ದ ನೀರು ನಿಂತಿತು. ನೀರಿಳಿದ ಮೇಲೆ ಕಲಬುರಗಿಯಿಂದ ನಾನು ಹೋಗಿ ನೋಡಿದಾಗ, ಅಟ್ಟಕ್ಕೇರಿಸಬೇಕೆಂದು ವರ್ಷಗಳಿಂದ ಅಂದುಕೊಳ್ಳುತ್ತಲೇ ಬಂದಿದ್ದ ತಗಡಿನ ಪೆಟ್ಟಿಗೆಯೊಂದು ಕೆಸರಿನಲ್ಲಿ ಕುಳಿತಿತ್ತು. ಅದರೊಳಗೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ನನ್ನ ಅಜ್ಜನ ದಫ್ತರವಿತ್ತು. ಅಜ್ಜ ನಿಜಾಮರ ಕಾಲದಲ್ಲಿ ನಮ್ಮ ಊರಿನ ಪಟವಾರಿಯಾಗಿದ್ದವನು. ಅವನ ತಂದೆಯೂ ಅದೇ ಆಗಿದ್ದ, ಅವನ ಮಗನಾದ ನನ್ನ ತಂದೆಯೂ ಅದೇ ಆಗಿದ್ದ.

ಹಾಳೆಗಳನ್ನು ಒಂದೊಂದಾಗಿ ಬಿಡಿಸಿ ಅಂಗಳದ ಬಿಸಿಲಿಗೆ ಹರಡಿದೆವು. ನನಗೆ ನೆರವಾಗಲು ಬಂದವರು ಊರಿನ ವಾಲೀಕಾರ ಮನೆತನದ ಒಬ್ಬ ಮುದುಕರು. ಗಾಳಿಗೆ ಹಾರದಂತೆ ಪ್ರತಿಯೊಂದು ಹಾಳೆಯ ಮೇಲೂ ಒಂದೊಂದು ಬೆಣಚುಕಲ್ಲನ್ನಿಟ್ಟರು. ಕೆಲಸ ಮುಗಿದ ಮೇಲೆ, ಏನನ್ನೋ ಬಹಳ ದಿನಗಳಿಂದ ಕೇಳಬೇಕೆಂದಿದ್ದವರ ಹಾಗೆ, “ಸರ, ಇದ್ರಾಗ ನಮ್ಮ ಹೊಲದ್ದು ಏನರ ಬರ್ದದ ಏನ್ರಿ?” ಎಂದು ಕೇಳಿದರು. ನಾನು ಹಾಳೆಯೊಂದನ್ನು ಎತ್ತಿ ನೋಡಿದೆ. ಅರ್ಧ ಮೋಡಿ, ಅರ್ಧ ಉರ್ದು. ಮೂವತ್ತಮೂರು ವರ್ಷಗಳ ಕಾಲ ವಿದ್ಯಾರ್ಥಿಗಳಿಗೆ ಹಳಗನ್ನಡದ ಶಾಸನಗಳನ್ನು ಓದಿಸಿದ ನಾನು, ನಮ್ಮ ಅಜ್ಜ ಬರೆದ ಒಂದು ಸಾಲನ್ನೂ ಓದಲಾರದವನಾಗಿದ್ದೆ. ಆ ದಿನ ಅವರಿಗೆ ನಾನು ಉತ್ತರ ಕೊಡಲಿಲ್ಲ. ಇಂದಿನ ಈ ಮಾತು ಆ ಪ್ರಶ್ನೆಯಿಂದ ಹುಟ್ಟಿದ್ದು.

ನಮ್ಮ ಹಳ್ಳಿಗಳ ಆಡಳಿತವನ್ನು ಕುರಿತು ಬರೆಯುವವರು ಬಹುಮಟ್ಟಿಗೆ ಒಂದು ಹಳೆಯ ಮಾತಿನಿಂದ ಆರಂಭಿಸುತ್ತಾರೆ. ಭಾರತದ ಹಳ್ಳಿಗಳು ಪುಟ್ಟ ಗಣರಾಜ್ಯಗಳು, ರಾಜವಂಶಗಳು ಬಂದುಹೋದರೂ ಅವು ಮಾತ್ರ ಅಲುಗದೆ ಉಳಿದವು ಎಂಬುದು ಆ ಮಾತಿನ ತಾತ್ಪರ್ಯ. ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಚಾರ್ಲ್ಸ್ ಮೆಟ್ಕಾಫ್ ಎಂಬ ಆಂಗ್ಲ ಅಧಿಕಾರಿ ಹೇಳಿದ ಈ ವಿಚಾರ ನಮ್ಮ ದೇಶಭಕ್ತರಿಗೂ ಪ್ರಿಯವಾಯಿತು. ಅದಕ್ಕೆ ಕಾರಣಗಳೂ ಇದ್ದವು. ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ಈ ಕಲ್ಪನೆಯನ್ನು ಖಂಡಿಸಿದುದನ್ನು ನಾವು ಬಲ್ಲೆವು. ಈ ಎರಡು ಅಭಿಪ್ರಾಯಗಳಲ್ಲಿ ಯಾವುದು ಸರಿ ಎಂದು ದೂರದಿಂದ ತೀರ್ಪು ಕೊಡುವುದು ಸುಲಭ. ನಾನಾದರೋ ಆಳಂದ, ಅಫಜಲಪುರ, ಜೇವರ್ಗಿ ಎಂಬ ಮೂರು ತಾಲ್ಲೂಕುಗಳ ನೆಲದಲ್ಲಿ ನಿಂತು ಇನ್ನೊಂದು ಸಣ್ಣ ಪ್ರಶ್ನೆಯನ್ನು ಕೇಳಬಯಸುತ್ತೇನೆ: ಊರಿನ ಲೆಕ್ಕಪುಸ್ತಕ ಯಾರ ಮನೆಯಲ್ಲಿತ್ತು?

ಈ ನೆಲದ ಆಡಳಿತದ ನೆನಪು ಬಹಳ ಹಿಂದಕ್ಕೆ ಹೋಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಇಂದಿನ ಆಳಂದ ‘ಅಲಂದೆ’ ಎನಿಸಿಕೊಂಡು, ‘ಅಲಂದೆ ಸಾಸಿರ’ ಎಂಬ ನಾಡಿಗೆ ಹೆಸರು ಕೊಟ್ಟಿತ್ತು. ಈ ಸಾಸಿರವೆಂಬುದು ಹಳ್ಳಿಗಳ ಎಣಿಕೆಯೋ ಆದಾಯದ ಎಣಿಕೆಯೋ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದಿದೆ. ಏಕಾಂತದ ರಾಮಯ್ಯ ಹುಟ್ಟಿದ ಊರು ಇದೇ ಅಲಂದೆಯೆಂದು ಅಬ್ಬಲೂರಿನ ಶಾಸನ ಹೇಳುತ್ತದೆ. ಆ ಕಾಲದ ಶಾಸನಗಳಲ್ಲಿ ಮಹಾಜನರು, ಗಾವುಂಡರು, ಊರೊಡೆಯರು ಸೇರಿ ಭೂಮಿಯನ್ನು ದತ್ತಿ ಬಿಟ್ಟುದನ್ನೂ ಎಲ್ಲೆಗಳನ್ನು ಗುರುತಿಸಿದುದನ್ನೂ ಸುಂಕವನ್ನು ಬಿಟ್ಟುಕೊಟ್ಟುದನ್ನೂ ಓದುತ್ತೇವೆ. ಆ ಸಭೆಗಳಲ್ಲಿ ಎಲ್ಲರಿಗೂ ಸ್ಥಾನವಿತ್ತೆಂದು ಯಾರೂ ಹೇಳಲಾರರು. ಆದರೆ ಒಂದು ವಿಶೇಷವನ್ನು ಮಾತ್ರ ಗಮನಿಸಬೇಕು. ತೀರ್ಮಾನವಾದುದನ್ನು ಕಲ್ಲಿನ ಮೇಲೆ ಬರೆದು ಗುಡಿಯ ಮುಂದೆ ನಿಲ್ಲಿಸುತ್ತಿದ್ದರು. ಓದಬಲ್ಲವರು ಕೆಲವರೇ ಆಗಿದ್ದರೂ ಕಲ್ಲು ಎಲ್ಲರ ಕಣ್ಣೆದುರು ನಿಂತಿರುತ್ತಿತ್ತು. ಅದನ್ನು ಮಡಿಚಿ ಬಗಲಲ್ಲಿಟ್ಟುಕೊಂಡು ಹೋಗುವುದು ಯಾರಿಂದಲೂ ಆಗುತ್ತಿರಲಿಲ್ಲ.

ಕಾಗದ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಬಹಮನಿಗಳು, ಆದಿಲಶಾಹಿಗಳು, ಮೊಗಲರು, ಕೊನೆಗೆ ಅಸಫಜಾಹಿ ನಿಜಾಮರು ಈ ಪ್ರದೇಶವನ್ನು ಆಳಿದರು. 1853ರಿಂದ 1883ರವರೆಗೆ ದಿವಾನರಾಗಿದ್ದ ಮೊದಲನೆಯ ಸಾಲಾರಜಂಗರು, 1865ರ ಸುಮಾರಿಗೆ ‘ಜಿಲ್ಲಾಬಂದಿ’ಯೆಂಬ ಸುಧಾರಣೆಯಿಂದ ಸಂಸ್ಥಾನವನ್ನು ಜಿಲ್ಲೆ, ತಾಲ್ಲೂಕುಗಳಾಗಿ ವಿಂಗಡಿಸಿದರು. ಅಂದಿನ ಪದಗಳು ಇಂದಿಗೂ ನಮ್ಮ ಬಾಯಲ್ಲಿ ಉಳಿದಿವೆ. ತಹಶೀಲು, ಪಹಣಿ, ಫೈಸಲ, ದಸ್ತೂರು, ಜಮಾಬಂದಿ, ಗಿರದಾವರ: ಇವನ್ನು ಬಿಟ್ಟು ನಮ್ಮ ರೈತನು ತನ್ನ ಹೊಲದ ವಿಷಯವನ್ನು ಮಾತನಾಡಲಾರ. ಕಲೆಕ್ಟರನಿಗೆ ಅಂದು ‘ಅವ್ವಲ್ ತಾಲೂಕದಾರ’ನೆಂದು ಹೆಸರು. ವರ್ಷವನ್ನು ಫಸಲಿಯಲ್ಲಿ ಎಣಿಸುತ್ತಿದ್ದರು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ದೊರೆಯುತ್ತದೆ. ಹಳೆಯ ಕಾಗದಗಳಲ್ಲಿ 1340, 1350 ಎಂಬ ಅಂಕಿಗಳನ್ನು ಕಂಡು ಬಹಮನಿಗಳ ಕಾಲದವೆಂದು ಹಿಗ್ಗಿದ ಓದುಗರನ್ನು ನಾನು ಕಂಡಿದ್ದೇನೆ. ಅವು ನಮ್ಮ ತಂದೆ-ತಾತಂದಿರ ಕಾಲದವು.

ಈ ಮೂರು ತಾಲ್ಲೂಕುಗಳಿಗೂ ಒಂದೇ ಬಗೆಯ ಒಡೆತನವಿರಲಿಲ್ಲ. ಸಂಸ್ಥಾನದ ನೆಲದ ದೊಡ್ಡ ಪಾಲು ಸರ್ಕಾರದ ನೇರ ಆಡಳಿತದಲ್ಲಿದ್ದು ‘ಖಾಲಸಾ’ ಅಥವಾ ‘ದಿವಾನಿ’ ಎನಿಸಿತ್ತು. ಸುಮಾರು ಮೂರರಲ್ಲೊಂದು ಪಾಲು ಜಹಗೀರುಗಳಲ್ಲಿತ್ತು. ಸುಮಾರು ಹತ್ತರಲ್ಲೊಂದು ಪಾಲು ನಿಜಾಮರ ಸ್ವಂತ ಖರ್ಚಿನ ‘ಸರ್ಫೆಖಾಸ್’ ಆಗಿತ್ತು. ಇಂದಿನ ಜೇವರ್ಗಿ ತಾಲ್ಲೂಕಿಗೆ ಆಗ ಅಂದೋಲಾ ಎಂದು ಹೆಸರು. ಆಳಂದ ‘ಪಾಯಗಾ’ ಮನೆತನದ ಕೈಯಲ್ಲಿತ್ತು. ನಿಜಾಮರ ರಕ್ಷಣಾ ಪಡೆಯ ವೆಚ್ಚಕ್ಕೆಂದು ಕೊಟ್ಟ ಜಹಗೀರುಗಳೇ ಪಾಯಗಾಗಳು. ಅವುಗಳಿಗೆ ತಮ್ಮದೇ ಅಧಿಕಾರಿಗಳು, ತಮ್ಮದೇ ಕಚೇರಿಗಳಿದ್ದವು. ಹೀಗಾಗಿ ಒಂದೇ ಹಳ್ಳವನ್ನು ದಾಟಿದರೆ ರೈತನ ಒಡೆಯನೇ ಬದಲಾಗುತ್ತಿದ್ದ. ಬದಲಾಗದೆ ಉಳಿಯುತ್ತಿದ್ದವರು ಊರಿನ ಮೂವರು: ಕಂದಾಯ ವಸೂಲಿಯ ಮಾಲಿ ಪಾಟೀಲ, ಶಾಂತಿಪಾಲನೆಯ ಪೊಲೀಸ್ ಪಾಟೀಲ, ಬರೆಯುವ ಪಟವಾರಿ. ಮೂವರದೂ ವಂಶಪರಂಪರೆಯ ವತನ. ಇವರ ಕೈಕೆಳಗೆ ವಾಲೀಕಾರ, ತಳವಾರ, ನೀರಗಂಟಿ ಮೊದಲಾದ ಸೇವಕರು. ಸರ್ಕಾರಿ ಕಾಗದಗಳಲ್ಲಿ ಇವರನ್ನು ‘ಶೇತಸಿಂಧಿ’ಗಳೆನ್ನುತ್ತಿದ್ದರು. ಅವರಿಗೆ ಸಂಬಳದ ಬದಲು ಒಂದು ತುಂಡು ಇನಾಮು ಭೂಮಿ, ಸುಗ್ಗಿಯಲ್ಲಿ ಕಣದ ಮೇಲಿನ ಒಂದಿಷ್ಟು ಜೋಳ.

ಗೌಡಿಕೆಯ ದರ್ಪವನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಸಾಕಷ್ಟು ಬಂದಿದೆ. ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ಓದಿದವರಿಗೆ ಗೌಡಿಕೆಯ ಸುತ್ತ ಊರೊಂದು ಹೇಗೆ ಒಡೆದು ಹಾಳಾಗುತ್ತದೆಂಬುದು ತಿಳಿದಿದೆ. ಪಟವಾರಿಯ ಅಧಿಕಾರ ಅಷ್ಟು ಕಣ್ಣಿಗೆ ಬೀಳುವಂಥದಲ್ಲ. ಅವನು ಕೋಲು ಹಿಡಿಯುವವನಲ್ಲ, ಕೂಗಾಡುವವನಲ್ಲ. ಚಾವಡಿಯ ಮೂಲೆಯಲ್ಲಿ ಕುಳಿತು ಬರೆಯುವವನು. ಯಾರ ಹೊಲ ಯಾರ ಹೆಸರಿನಲ್ಲಿದೆ, ಈ ವರ್ಷ ಅದನ್ನು ಉತ್ತವನು ಯಾರು, ಬೆಳೆ ಎಷ್ಟಾಣೆ ಬಂದಿತು, ಬಾಕಿ ಎಷ್ಟು ಉಳಿಯಿತು: ಇವೆಲ್ಲವೂ ಅವನ ಲೇಖಣಿಯ ತುದಿಯಲ್ಲಿದ್ದವು. ಸಂಜೆಯಾದರೆ ದಫ್ತರವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದ. ಊರಿನ ಪುಸ್ತಕ ಅವನ ಮನೆಯ ಗೂಡಿನಲ್ಲಿ, ದೇವರ ಪೆಟ್ಟಿಗೆಯ ಪಕ್ಕದಲ್ಲಿ ಮಲಗುತ್ತಿತ್ತು. ಜನರ ಮಾತು ಕನ್ನಡ, ಸರ್ಕಾರದ ಮಾತು ಉರ್ದು, ನಮ್ಮ ಮನೆಯ ಲೆಕ್ಕದ ಲಿಪಿ ಮೋಡಿ. ಊರಿನಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಿಗೆ ಈ ಮೂರರಲ್ಲಿ ಒಂದನ್ನೂ ಓದಲು ಬಾರದಿದ್ದ ಕಾಲದಲ್ಲಿ, ಇಂಥ ಪುಸ್ತಕವನ್ನು ಬೀಗವಿಲ್ಲದೆಯೇ ಭದ್ರವಾಗಿಡಬಹುದಾಗಿತ್ತು.

ಆದರೆ ಚಾವಡಿಯೊಂದೇ ಊರಿನ ಸಭೆಯಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಇದೇ ನೆಲದಲ್ಲಿ ರಾತ್ರಿ ಕೂಡುತ್ತಿದ್ದ ಇನ್ನೊಂದು ಸಭೆಯಿತ್ತು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಜೇವರ್ಗಿ ಸೀಮೆಯ ಕಡಕೋಳದಲ್ಲಿ ನೆಲೆಸಿದ ಮಡಿವಾಳಪ್ಪನವರ ತತ್ವಪದಗಳನ್ನು ಏಕತಾರಿ ಹಿಡಿದು ಹಾಡುವ ಭಜನೆಯ ಕೂಟವೇ ಆ ಸಭೆ. ಅವರ ಶಿಷ್ಯಪರಂಪರೆಯಲ್ಲಿ ಚನ್ನೂರಿನ ಜಲಾಲಸಾಹೇಬರಿದ್ದರು, ಖೈನೂರಿನ ಕೃಷ್ಣಪ್ಪನವರಿದ್ದರು, ತೆಲುಗುಬಾಳದ ರೇವಪ್ಪನವರಿದ್ದರು. ಕುಲವನ್ನು ಕೇಳದ, ಕಾಗದವನ್ನು ಬೇಡದ ಸಭೆಯದು. ಪದ ಕಂಠದಲ್ಲಿರುತ್ತಿತ್ತು, ಅದನ್ನು ಯಾರೂ ಬಟ್ಟೆಯಲ್ಲಿ ಕಟ್ಟಿ ಮನೆಗೆ ಒಯ್ಯುವಂತಿರಲಿಲ್ಲ. ಜೇವರ್ಗಿ ತಾಲ್ಲೂಕಿನ ಅರಳಗುಂಡಗಿಯಲ್ಲಿ ಹುಟ್ಟಿದ ಶರಣಬಸವೇಶ್ವರರ ದಾಸೋಹದ ಕಥೆಗಳೂ ಜನರ ಬಾಯಿಂದ ಬಾಯಿಗೆ ಬಂದವೇ ಆಗಿವೆ. ಹಗಲು ಚಾವಡಿಯ ಮುಂದೆ ಚಪ್ಪಲಿ ಕಳಚಿ ನಿಲ್ಲುತ್ತಿದ್ದವನು ರಾತ್ರಿಯ ಭಜನೆಯಲ್ಲಿ ದಮ್ಮಡಿ ಹಿಡಿದು ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ. ಬೆಳಗಾದ ಮೇಲೆ ಮತ್ತೆ ಚಾವಡಿಯ ಮುಂದೆಯೇ ನಿಲ್ಲಬೇಕಾಗಿತ್ತೆಂಬುದೂ ಅಷ್ಟೇ ನಿಜ.

ಇಲ್ಲಿ ದೂರದ ಒಂದು ದೇಶದ ಮಾತನ್ನು ತರುತ್ತೇನೆ. ಹೋಲಿಕೆಯಿಂದ ನಮ್ಮದು ಇನ್ನಷ್ಟು ಸ್ಪಷ್ಟವಾದೀತು. ಫ್ರಾನ್ಸ್ ದೇಶದ ಗ್ರಾಮಾಡಳಿತದ ಘಟಕಕ್ಕೆ ‘ಕಮ್ಯೂನ್’ ಎಂದು ಹೆಸರು. 1789ರ ಮಹಾಕ್ರಾಂತಿಯ ವರ್ಷದ ಡಿಸೆಂಬರಿನಲ್ಲಿ ಹೊರಟ ಕಾನೂನು, ಹಳೆಯ ಪಾದ್ರಿಗಳ ಇಲಾಖೆಗಳ ಎಲ್ಲೆಗಳನ್ನೇ ಬಹುಮಟ್ಟಿಗೆ ಉಳಿಸಿಕೊಂಡು, ಪ್ರತಿಯೊಂದು ಊರಿಗೂ ಚುನಾಯಿತ ಆಡಳಿತವನ್ನು ಕೊಟ್ಟಿತು. ಆ ದೇಶದಲ್ಲಿ ಇಂಥ ಸುಮಾರು 35,000 ಕಮ್ಯೂನುಗಳಿವೆ. ಅವುಗಳಲ್ಲಿ ಅರ್ಧದಷ್ಟು ಐನೂರಕ್ಕಿಂತ ಕಡಿಮೆ ಜನರಿರುವ ಪುಟ್ಟ ಊರುಗಳು. ನಮ್ಮ ಗ್ರಾಮ ಪಂಚಾಯಿತಿಗೆ ಐದರಿಂದ ಏಳು ಸಾವಿರ ಜನರೆಂದು 1993ರ ಕಾನೂನು ಗೊತ್ತುಮಾಡಿತೆಂಬುದನ್ನು ನೆನೆದರೆ ಅವು ಎಷ್ಟು ಚಿಕ್ಕವೆಂಬುದು ತಿಳಿಯುತ್ತದೆ. 1884ರ ಏಪ್ರಿಲ್ 5ರ ಕಾನೂನಿನಿಂದ ಈ ಆಡಳಿತಕ್ಕೆ ಭದ್ರವಾದ ರೂಪ ಬಂದಿತು. ಜನ ಮಂಡಳಿಯನ್ನು ಆರಿಸುತ್ತಾರೆ, ಮಂಡಳಿ ತನ್ನೊಳಗಿಂದ ‘ಮೇರ್’ ಎಂಬ ಅಧ್ಯಕ್ಷನನ್ನು ಆರಿಸುತ್ತದೆ. ಊರಿನ ದಾರಿ, ಶಾಲೆಯ ಕಟ್ಟಡ, ಸ್ಮಶಾನ ಇವು ಅವರ ಹೊಣೆ. ಬಾಲ್ಜಾಕನ ‘ಹಳ್ಳಿಯ ವೈದ್ಯ’ ಎಂಬ ಕಾದಂಬರಿಯ ನಾಯಕ ಬೆನಾಸಿಸ್ ಇಂಥದೇ ಒಂದು ಬೆಟ್ಟದ ಊರಿನ ಮೇರ್ ಆಗಿದ್ದವನು.

ನನ್ನ ಗಮನವನ್ನು ಹಿಡಿದು ನಿಲ್ಲಿಸಿದುದು ಬೇರೊಂದು ಸಂಗತಿ. 1792ರ ಸೆಪ್ಟೆಂಬರ್ 20ರಂದು ಫ್ರಾನ್ಸಿನಲ್ಲಿ ಒಂದು ಕಾನೂನಾಯಿತು. ಅಲ್ಲಿಯವರೆಗೆ ಪಾದ್ರಿಗಳ ಕೈಯಲ್ಲಿದ್ದ ಜನನ, ಮರಣ, ವಿವಾಹಗಳ ದಾಖಲೆ ಅಂದಿನಿಂದ ಊರಿನ ಆಡಳಿತದ ಕೈಗೆ ಬಂದಿತು. ಆ ಪುಸ್ತಕ ಊರಿನ ಸಾರ್ವಜನಿಕ ಕಟ್ಟಡದಲ್ಲಿರುವಂಥದು. ಯಾವ ಮನೆತನದ ಗೂಡಿನಲ್ಲಿಯೂ ಅಲ್ಲ. 1833ರಲ್ಲಿ ಗಿಜೋ ಎಂಬ ಮಂತ್ರಿಯ ಕಾನೂನು ಕಮ್ಯೂನುಗಳ ಮೇಲೆ ಪ್ರಾಥಮಿಕ ಶಾಲೆಯ ಹೊಣೆಯನ್ನು ಹೊರಿಸಿತು. ಅನೇಕ ಕಡೆ ಶಾಲೆಯೂ ಊರಿನ ಕಚೇರಿಯೂ ಒಂದೇ ಕಟ್ಟಡದಲ್ಲಿದ್ದವು, ಶಾಲೆಯ ಮೇಷ್ಟರೇ ಕಚೇರಿಯ ಕಾರ್ಯದರ್ಶಿಯಾಗಿರುತ್ತಿದ್ದರು. ಓದು ಕಲಿಸುವವನೂ ಊರಿನ ಪುಸ್ತಕ ಬರೆಯುವವನೂ ಒಬ್ಬನೇ ಆದರೆ ಏನಾಗುತ್ತದೆ ಎಂಬುದನ್ನು ಕೇಳುಗರು ಊಹಿಸಬಹುದು: ಅವನು ಬರೆದುದನ್ನು ಓದಬಲ್ಲವರನ್ನು ಅವನೇ ವರ್ಷ ವರ್ಷವೂ ತಯಾರುಮಾಡುತ್ತ ಹೋಗುತ್ತಾನೆ. ಫ್ರಾನ್ಸಿನ ಹಳ್ಳಿಯಲ್ಲಿ ಸಿರಿವಂತನ ದರ್ಪವಿರಲಿಲ್ಲವೆಂದಲ್ಲ. ಹೆಂಗಸರಿಗಂತೂ ಅಲ್ಲಿ 1944ರವರೆಗೆ ಮತದ ಹಕ್ಕೇ ಇರಲಿಲ್ಲ. 1945ರ ಊರಿನ ಚುನಾವಣೆಗಳಲ್ಲಿಯೇ ಅವರು ಮೊದಲು ಮತ ಹಾಕಿದ್ದು. ಆದರೂ ಪುಸ್ತಕ ಊರಿನದಾಗಿತ್ತು.

ನಮ್ಮಲ್ಲಿ ಪುಸ್ತಕ ಮನೆಯಿಂದ ಹೊರಬರಲು ಬಹಳ ಕಾಲ ಬೇಕಾಯಿತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯಿಂದ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಅದಕ್ಕೆ ಮುಂಚಿನ ರಜಾಕಾರರ ಹಾವಳಿ, ಗಡಿಯಾಚೆಯ ಸೊಲ್ಲಾಪುರ ಸೀಮೆಗೆ ಓಡಿಹೋದ ಸಂಸಾರಗಳು, ಕಾರ್ಯಾಚರಣೆಯ ಬೆನ್ನಿಗೇ ಮುಸಲ್ಮಾನ ಸಂಸಾರಗಳು ಪಟ್ಟ ಪಾಡು, ಇವು ಪ್ರತ್ಯೇಕವಾಗಿ ಹೇಳಬೇಕಾದ ಕಥೆ. 1949ರ ಆಗಸ್ಟಿನಲ್ಲಿ ಜಹಗೀರುಗಳು ರದ್ದಾದವು. ಪಾಯಗಾಗಳೂ ಅವುಗಳೊಡನೆ ಹೋದವು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 1959ರಲ್ಲಿ ಇಡೀ ರಾಜ್ಯಕ್ಕೆ ಒಂದೇ ಆದ ಗ್ರಾಮ ಪಂಚಾಯಿತಿ ಮತ್ತು ಸ್ಥಳೀಯ ಮಂಡಳಿಗಳ ಕಾನೂನು ಬಂದಿತು. ಗ್ರಾಮಕ್ಕೆ ಪಂಚಾಯಿತಿ, ತಾಲ್ಲೂಕಿಗೆ ಅಭಿವೃದ್ಧಿ ಮಂಡಳಿ, ಜಿಲ್ಲೆಗೆ ಒಂದು ಸಲಹಾ ಪರಿಷತ್ತು. ಆದರೆ ಪಂಚಾಯಿತಿ ಕೂಡುತ್ತಿದ್ದುದು ಅದೇ ಚಾವಡಿಯಲ್ಲಿ, ಅಧ್ಯಕ್ಷರಾಗುತ್ತಿದ್ದವರು ಬಹುತೇಕ ಅದೇ ಮನೆತನದವರು. ವಂಶಪರಂಪರೆಯ ಗ್ರಾಮಾಧಿಕಾರಗಳನ್ನು ರದ್ದುಮಾಡುವ 1961ರ ಕಾನೂನು 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗಲೇ ನಿಜವಾದ ಬಿರುಕು ಬಿಟ್ಟುದು. ಗೌಡಿಕೆ, ಕುಲಕರ್ಣಿಕೆ, ವಾಲೀಕಾರಿಕೆ ಎಲ್ಲವೂ ಒಂದೇ ದಿನ ಕಾಗದದ ಮೇಲೆ ಇಲ್ಲವಾದವು. ಸೇವೆಗಾಗಿ ಕೊಟ್ಟ ಇನಾಮು ಭೂಮಿಯನ್ನು ಹಳೆಯ ಹಕ್ಕುದಾರರು ಮರಳಿ ಮಂಜೂರು ಮಾಡಿಸಿಕೊಳ್ಳಲು ಆ ಕಾನೂನಿನಲ್ಲಿ ಅವಕಾಶವಿತ್ತು. ಅದಕ್ಕೆ ತಮ್ಮ ಭೂಮಿ ಯಾವುದೆಂದು ತೋರಿಸುವ ಕಾಗದ ಬೇಕಾಗಿತ್ತು.

ಆಗ ನನಗೆ ಐದು ವರ್ಷ. ಸರ್ಕಾರಕ್ಕೆ ಸೇರಬೇಕಾದ ಪುಸ್ತಕಗಳನ್ನು ಎತ್ತಿನ ಬಂಡಿಯಲ್ಲಿ ಹೇರಿಕೊಂಡು ನನ್ನ ತಂದೆ ತಾಲ್ಲೂಕಿಗೆ ಹೋದುದು ಮಸುಕಾಗಿ ನೆನಪಿದೆ. ತಾಯಿ ಆ ದಿನ ಒಲೆ ಹಚ್ಚಲಿಲ್ಲ. ಮನೆಯ ಖಾಸಗಿ ನಕಲುಗಳು ತಗಡಿನ ಪೆಟ್ಟಿಗೆಯಲ್ಲಿ ಉಳಿದವು.

ಮುಂದಿನ ಇಪ್ಪತ್ತು ವರ್ಷಗಳ ಕಥೆಯನ್ನು ಬೇಗನೆ ದಾಟಬಹುದು. ಪಂಚಾಯಿತಿಗಳಿದ್ದವು, ಹಣವಿರಲಿಲ್ಲ, ಚುನಾವಣೆಗಳು ಮುಂದೆ ಮುಂದೆ ಹೋಗುತ್ತಿದ್ದವು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಅಬ್ದುಲ್ ನಜೀರಸಾಬರು ರೂಪಿಸಿದ ಕಾನೂನಿಗೆ 1985ರಲ್ಲಿ ರಾಷ್ಟ್ರಪತಿಗಳ ಒಪ್ಪಿಗೆ ದೊರೆತು, 1987ರ ಜನವರಿಯಲ್ಲಿ ಚುನಾವಣೆಗಳು ನಡೆದವು. 19 ಜಿಲ್ಲಾ ಪರಿಷತ್ತುಗಳು, ಎರಡೂವರೆ ಸಾವಿರ ಮಂಡಲ ಪಂಚಾಯಿತಿಗಳು ರಾಜ್ಯದಲ್ಲಿ ಹುಟ್ಟಿದವು. ಕೊಳವೆಬಾವಿಗಳ ಕಾರಣದಿಂದ ‘ನೀರಸಾಬ’ರೆಂದು ಹೆಸರಾದ ನಜೀರಸಾಬರನ್ನು ನಮ್ಮ ಕಡೆಯ ಹಳ್ಳಿಯ ಹೆಂಗಸರು ಇಂದಿಗೂ ನೆನೆಯುತ್ತಾರೆ. ಆ ಕಾನೂನಿನಲ್ಲಿ ಹೆಂಗಸರಿಗೆ ಕಾಲುಭಾಗದ ಸ್ಥಾನಗಳನ್ನು ಮೀಸಲಿಟ್ಟಿದ್ದರು. ಫ್ರಾನ್ಸಿನಲ್ಲಿ ಸ್ತ್ರೀಪುರುಷರ ಸಮಾನ ಸ್ಪರ್ಧೆಯ ಕಾನೂನು ಆದದ್ದು 2000ದಲ್ಲಿ. ಸಾವಿರಕ್ಕಿಂತ ಕಡಿಮೆ ಜನರಿರುವ ಪುಟ್ಟ ಕಮ್ಯೂನುಗಳಿಗೆ ಆ ನಿಯಮ ವಿಸ್ತರಿಸಿದುದು 2025ರ ಕಾನೂನಿನಿಂದ. ಈ ಒಂದು ವಿಷಯದಲ್ಲಿ ಕರ್ನಾಟಕದ ಹಳ್ಳಿ ಅವರಿಗಿಂತ ಮುಂದಿತ್ತೆಂದು ಹೇಳಲು ಸಂಕೋಚಪಡಬೇಕಾಗಿಲ್ಲ.

ನಮ್ಮ ಮಂಡಲದ ಮೊದಲ ಸಭೆಯನ್ನು ನೋಡಲು ನಾನು ಹೋಗಿದ್ದೆ. ಹೊಸದಾಗಿ ಅಧ್ಯಾಪಕನಾಗಿದ್ದ ಉತ್ಸಾಹ. ಶಾಲೆಯ ಕೋಣೆಯಲ್ಲಿ ಸಭೆ. ಸದಸ್ಯನಲ್ಲದ ನನಗೂ ಒಂದು ಕುರ್ಚಿ ಹಾಕಿದರು. ಮೀಸಲು ಸ್ಥಾನದಿಂದ ಆರಿಸಿಬಂದಿದ್ದ ವಾಲೀಕಾರ ಮನೆಯ ಹೆಣ್ಣುಮಗಳು ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಕುಳಿತಿದ್ದರು. ಪುಸ್ತಕವನ್ನು ಹೊರಗೊಯ್ದು ಅವರ ಹೆಬ್ಬೆರಳಿನ ಗುರುತನ್ನು ಹಾಕಿಸಿಕೊಂಡು ತಂದರು. ನಾನು ನೋಡಿದೆ, ಏನನ್ನೂ ಹೇಳಲಿಲ್ಲ. ಊರಿಗೆ ಬಂದ ಅತಿಥಿ ಮಾತನಾಡಬಾರದೆಂದು ನನಗೆ ನಾನೇ ಹೇಳಿಕೊಂಡೆ. ನಾನು ಆ ಊರಿಗೆ ಅತಿಥಿಯಾಗಿರಲಿಲ್ಲ.

ಸಂವಿಧಾನದ 73ನೆಯ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಕರ್ನಾಟಕದ ಪಂಚಾಯತ್ ರಾಜ್ ಕಾನೂನು ಬಂದು, ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಹೆಂಗಸರ ಪಾಲು ಮೂರರಲ್ಲೊಂದಾಯಿತು, 2010ರಲ್ಲಿ ಅರ್ಧವಾಯಿತು. ಅಧಿಕಾರ ಕೆಳಗಿಳಿಯಿತೆಂದು ಹೇಳಬಹುದು. ಆದರೆ ಸಲೀಸಾಗಿ ಇಳಿಯಲಿಲ್ಲ. 2002ರಲ್ಲಿ ನಂಜುಂಡಪ್ಪನವರ ಸಮಿತಿ ರಾಜ್ಯದ ತಾಲ್ಲೂಕುಗಳನ್ನು ಅಳೆದು ನೋಡಿದಾಗ, ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ಗುಲಬರ್ಗಾ ವಿಭಾಗದಲ್ಲಿಯೇ ಇದ್ದವು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಆ ಪಟ್ಟಿಯಲ್ಲಿದ್ದವು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಳವರೆಗೆ ಚುನಾವಣೆಯೇ ನಡೆಯಲಿಲ್ಲ. ಇನ್ನು ಪುಸ್ತಕದ ಮಾತು. 2000ದ ಸುಮಾರಿಗೆ ‘ಭೂಮಿ’ ಯೋಜನೆ ಬಂದು ಕೈಬರಹದ ಪಹಣಿಗಳೆಲ್ಲ ಕಂಪ್ಯೂಟರಿಗೆ ಸೇರಿದವು. ರೈತನು ಲೇಖಣಿಯ ಹಂಗಿನಿಂದ ಪಾರಾದ. ಇದು ಸಣ್ಣ ಮಾತಲ್ಲ. ಆದರೆ ಯಂತ್ರ ತನ್ನೊಳಗೆ ಏನನ್ನು ಹಾಕಿದರೋ ಅದನ್ನೇ ಹೊರಗೆ ಕೊಡುತ್ತದೆ. ಹಳೆಯ ಕಾಗದದಲ್ಲಿಯೇ ತಪ್ಪಿಹೋದ ಹೆಸರು ಹೊಸ ಕಾಗದದಲ್ಲಿ ಹೇಗೆ ಬಂದೀತು?

ಈಗ ನನ್ನ ಪೆಟ್ಟಿಗೆಗೆ ಮರಳುತ್ತೇನೆ. ಒಣಗಿದ ಹಾಳೆಗಳನ್ನು ಕಲಬುರಗಿಗೆ ತಂದು, ಉರ್ದುವನ್ನೂ ಮೋಡಿಯನ್ನೂ ಬಲ್ಲ ಹಿರಿಯರೊಬ್ಬರ ಮುಂದಿಟ್ಟೆ. ತಿಂಗಳುಗಟ್ಟಲೆ ಓದಿ ಹೇಳಿದರು. ಬೆಳೆ, ಬಾಕಿ, ಎಲ್ಲೆ, ಜಗಳ. ಬರಗಾಲದ ವರ್ಷಗಳಲ್ಲಿ ಉದ್ದುದ್ದವಾದ ಬಾಕಿಯ ಪಟ್ಟಿಗಳು. ಒಂದು ಹಾಳೆಯ ಹತ್ತಿರ ಬಂದಾಗ ಅವರು ನಿಂತು, ಎರಡನೆಯ ಸಲ ಓದಿಕೊಂಡು, ನನ್ನ ಮುಖ ನೋಡದೆ ಹೇಳಿದರು. ವಾಲೀಕಾರಿಕೆಯ ಇನಾಮಿನ ಒಂದು ಹೊಲ, ಆ ಮುದುಕರ ಅಜ್ಜನ ಹೆಸರಿನಲ್ಲಿತ್ತು. ಅದರ ಅಂಚಿನಲ್ಲಿ, ಬೇರೆ ಮಸಿಯಲ್ಲಿ, ಕಾಳಿನ ಸಾಲಕ್ಕೆ ಬದಲಾಗಿ ಈ ಹೊಲವನ್ನು ನಮ್ಮ ಮನೆಯವರು ಉಳುತ್ತಿರುವುದಾಗಿ ನನ್ನ ಅಜ್ಜನೇ ಬರೆದುಕೊಂಡಿದ್ದ. ಸಾಲ ಎಷ್ಟೆಂದು ಬರೆದಿರಲಿಲ್ಲ, ತೀರಿತೆಂದೂ ಬರೆದಿರಲಿಲ್ಲ. ಆ ಹೊಲವನ್ನು ನಾನು ಚೆನ್ನಾಗಿ ಬಲ್ಲೆ. ಅದು ನಮ್ಮದೆಂದೇ ತಿಳಿದು ಬೆಳೆದಿದ್ದೆ. ನಾನು ಕಾಲೇಜು ಸೇರಿದ ವರ್ಷ ತಂದೆ ಅದನ್ನು ಮಾರಿದರು. ಆ ಹಣದಿಂದ ನಾನು ಓದಿದೆ. ನನ್ನ ಎಂ.ಎ. ಪದವಿ, ಪಂಪನ ಮೇಲೆ ನಾನು ಮಾಡಿದ ಪಾಠಗಳು, ಇಂದು ನಿಮ್ಮೆದುರು ಆಡುತ್ತಿರುವ ಈ ತೂಕದ ಕನ್ನಡ, ಎಲ್ಲವೂ ಆ ಹೊಲದಲ್ಲಿ ಬೆಳೆದವು.

ಅಜ್ಜ ಕ್ರೂರಿಯಾಗಿರಲಿಲ್ಲ. ಬರಗಾಲದಲ್ಲಿ ಕಾಳು ಕೊಟ್ಟವನೆಂದು ಊರಿನಲ್ಲಿ ಅವನಿಗೆ ಒಳ್ಳೆಯ ಹೆಸರೇ ಇದೆ. ಬಹುಶಃ ತಾನು ಉಪಕಾರ ಮಾಡುತ್ತಿರುವೆನೆಂದೇ ಅವನು ನಂಬಿದ್ದಿರಬೇಕು. ಅದಕ್ಕೇ ಅದನ್ನು ಮುಚ್ಚಿಡದೆ ಬರೆದಿಟ್ಟ. ತಾನು ಬರೆದುದನ್ನು ಆ ಮನೆಯವರು ಓದುವ ದಿನ ಬಂದೀತೆಂಬ ಯೋಚನೆ ಮಾತ್ರ ಅವನಿಗೆ ಬಂದಿರಲಾರದು.

ನಾನು ಬಹಳ ದಿನ ಸುಮ್ಮನಿದ್ದೆನೆಂಬುದನ್ನು ಒಪ್ಪಿಕೊಳ್ಳಬೇಕು. ಮುದುಕರಿಗೆ ಹೇಳಬೇಕೆಂದು ಹೊರಡುವುದು, ಮರಳುವುದು. ಹೊಲ ಆ ವೇಳೆಗೆ ಎರಡು ಸಲ ಕೈಬದಲಾಗಿ ಮೂರನೆಯವರದಾಗಿತ್ತು. ಹೇಳಿ ಏನು ಪ್ರಯೋಜನವೆಂಬ ಸಮಾಧಾನ ಸುಲಭವಾಗಿ ಸಿಗುತ್ತಿತ್ತು. ಕೊನೆಗೆ ಒಂದು ದಿನ ಹಾಳೆಯ ಪ್ರತಿಯನ್ನೂ ಅದರ ಕನ್ನಡ ರೂಪವನ್ನೂ ಒಯ್ದು ಅವರ ಮನೆಯ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಮುದುಕರು ಕೇಳಿ, “ನಮ್ಮಪ್ಪ ಹೇಳ್ತಿದ್ದ ಬಿಡ್ರಿ, ನಾವೇ ಸುಳ್ಳ ಅಂತಿದ್ದೆವು” ಎಂದಷ್ಟೇ ಅಂದರು. ಅವರ ಮೊಮ್ಮಗಳು ಅಲ್ಲಿದ್ದಳು. ಪದವೀಧರೆ, 2020ರ ಡಿಸೆಂಬರಿನ ಚುನಾವಣೆಯಲ್ಲಿ ಗ್ರಾಮ ಪಂಚಾಯಿತಿಗೆ ಆರಿಸಿಬಂದವಳು. 1987ರಲ್ಲಿ ಮೆಟ್ಟಿಲ ಮೇಲೆ ಕುಳಿತಿದ್ದವರು ಆಕೆಯ ಅಜ್ಜಿ. ಆಕೆ ಕಾಗದವನ್ನು ಓದಿ, ಮಡಿಚದೆ ಹಾಗೆಯೇ ಹಿಡಿದುಕೊಂಡು, ಇದನ್ನು ಗ್ರಾಮಸಭೆಯಲ್ಲಿ ನೀವೇ ಓದಬೇಕು ಎಂದಳು. ಹೊಲ ಬೇಡವೇ ಎಂದು ಕೇಳಿದೆ. ಅದು ಬೇರೆ ಮಾತು, ಮೊದಲು ಓದಿರಿ ಎಂದಳು.

ಕೇಳುಗರಲ್ಲಿ ಹಲವರು ಗ್ರಾಮಸಭೆಯನ್ನು ನೋಡಿರಲಾರರು. ಪಂಚಾಯಿತಿಯ ಮತದಾರರೆಲ್ಲರೂ ಅದರ ಸದಸ್ಯರು. ಅಲ್ಲಿ ಫಲಾನುಭವಿಗಳ ಪಟ್ಟಿಯನ್ನು ಓದುತ್ತಾರೆ, ಕಾಮಗಾರಿಗಳ ಮಾತಾಗುತ್ತದೆ, ಜಗಳವೂ ಆಗುತ್ತದೆ. ಪಂಚಾಯಿತಿಯ ವರ್ಷದ ಲೆಕ್ಕವನ್ನು ಊರವರೆದುರು ತೆರೆದು ಪರಿಶೀಲಿಸುವ ಕ್ರಮಕ್ಕೆ ನಮ್ಮಲ್ಲಿ ‘ಜಮಾಬಂದಿ’ಯೆಂದೇ ಹೆಸರು. ಹಿಂದೆ ಜಮಾಬಂದಿಯೆಂದರೆ ರೈತ ಕಟ್ಟಬೇಕಾದುದನ್ನು ಅಧಿಕಾರಿ ಗೊತ್ತುಮಾಡುವ ದಿನ. ಈಗ ಅಧಿಕಾರಿ ಖರ್ಚುಮಾಡಿದುದಕ್ಕೆ ರೈತ ಲೆಕ್ಕ ಕೇಳುವ ದಿನ. ಒಂದೇ ಪದ ಹೀಗೆ ತಿರುಗಿ ನಿಂತುದನ್ನು ಕಂಡರೆ ಭಾಷೆಯ ವಿದ್ಯಾರ್ಥಿಗೆ ಸಂತೋಷವಾಗುತ್ತದೆ. ಆ ಲೆಕ್ಕವನ್ನು ಎಲ್ಲ ಊರುಗಳಲ್ಲಿಯೂ ಕೇಳುತ್ತಾರೆಂದು ನಾನು ಹೇಳಲಾರೆ. ಕೋರಂ ಇಲ್ಲದೆಯೂ ಸಹಿಗಳು ಬೀಳುವುದನ್ನು ಕಂಡಿದ್ದೇನೆ.

2022ರಲ್ಲಿ ನಡೆದ ಒಂದು ಗ್ರಾಮಸಭೆಯಲ್ಲಿ ನಾನು ಆ ಹಾಳೆಯನ್ನು ಓದಿದೆ. ಹಳೆಯ ಚಾವಡಿ ಬಿದ್ದುಹೋದ ಜಾಗದಲ್ಲಿ ಶಾಮಿಯಾನ ಹಾಕಿದ್ದರು. ಇನ್ನೂರು ಜನರಿದ್ದಿರಬಹುದು. ಸಭೆಗಳಲ್ಲಿ ಮಾತನಾಡಿ ಬದುಕು ಕಳೆದ ನನಗೆ ಆ ಹತ್ತು ಸಾಲುಗಳನ್ನು ಓದಲು ಗಂಟಲು ಒಣಗಿತು. ಓದಿ ಮುಗಿಸಿದಾಗ ಯಾರೂ ಏನೂ ಅನ್ನಲಿಲ್ಲ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, “ಆ ಪೆಟ್ಟಿಗ್ಯಾಗ ಬ್ಯಾರೆಯವ್ರದೂ ಅದಾವೇನ್ರಿ?” ಎಂದು ಕೇಳಿದರು. ಇವೆ ಎಂದೆ. ಮತ್ತೊಬ್ಬರು, ಮೂರನೆಯವರು ಎದ್ದರು. ಆ ಮೇಲೆ ಕುಡಿಯುವ ನೀರಿನ ಮಾತು ಬಂದು ಸಭೆ ಅದರ ಕಡೆಗೆ ಹೊರಳಿತು.

ದಫ್ತರದ ಪ್ರತಿಯೊಂದು ಹಾಳೆಯ ಕನ್ನಡ ರೂಪವನ್ನೂ ತಯಾರಿಸಿ, ಪ್ರತಿಗಳನ್ನು ಊರಿನ ಗ್ರಂಥಾಲಯದಲ್ಲಿಡುವ ಕೆಲಸವನ್ನು ಅಂದಿನಿಂದ ನಡೆಸಿದ್ದೇನೆ. ಅರ್ಧಕ್ಕಿಂತ ಹೆಚ್ಚು ಉಳಿದಿದೆ, ನನ್ನ ವಯಸ್ಸು ಕಾಯುವುದಿಲ್ಲ. ಇದರಿಂದ ಸಾಲ ತೀರಿತೆಂದು ನಾನು ತಿಳಿದಿಲ್ಲ. ಅಜ್ಜ ಬರೆಯದೆ ಬಿಟ್ಟ ಮೊತ್ತವನ್ನು ನಾನು ಹೇಗೆ ಬರೆಯಲಿ? ಆ ಹೆಣ್ಣುಮಗಳು “ಅದು ಬೇರೆ ಮಾತು” ಎಂದುದು ಇನ್ನೂ ಹಾಗೆಯೇ ನಿಂತಿದೆ. ಆಕೆ ಅದನ್ನು ಮರಳಿ ಎತ್ತುವ ದಿನ ನಾನು ಊರಿನಲ್ಲಿರಬೇಕು. ಮೊನ್ನೆ ಹೋದಾಗ ಗ್ರಂಥಾಲಯದ ಮೇಜಿನ ಮೇಲೆ ಕಡತ ತೆರೆದಿತ್ತು. ಶಾಲೆಯ ಇಬ್ಬರು ಹುಡುಗರು ಬೆರಳಿಟ್ಟು ತಮ್ಮ ಮನೆತನದ ಹೆಸರನ್ನು ಹುಡುಕುತ್ತಿದ್ದರು. ಸಿಕ್ಕಿತೇ ಎಂದು ಕೇಳಿದೆ. ಇನ್ನೂ ಇಲ್ಲ ಎಂದರು.